ಬಿಳಿ ಐದಕ್ಕಿಂತ ಚೂರು ಮೇಲೆ

46 ನಿಮಿಷ. ಒಂದೇ ಫೈಲು. ಎಲ್ಲೂ ಕತ್ತರಿ ಹಾಕಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಸಂಜೆ ಬಸವನಗುಡಿಯ ನಮ್ಮ ಮನೆಯ ಹಾಲ್‌ನಲ್ಲಿ, 28 ಜನರ ಎದುರು ಸಿಂಥಸೈಜರ್ ನುಡಿಸಿದೆ. ಮೊದಲೇ ಕಟ್ಟಿಟ್ಟ ಹಾಡು ಇರಲಿಲ್ಲ. ಆಗ ಹುಟ್ಟಿದ್ದನ್ನು ಆಗಲೇ ರೆಕಾರ್ಡ್ ಮಾಡಿದೆವು. ಅದೇ ಆಲ್ಬಂ ಆಗಿ ಹೊರಬಂತು. ಇದಕ್ಕೆ ಏನೇನು ಮಾಡಬೇಕಾಯಿತು ಅಂತ ಕೇಳಿದ ಗೆಳೆಯರಿಗೆಲ್ಲ ಬಿಡಿಬಿಡಿಯಾಗಿ ಹೇಳಿದ್ದೇನೆ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ವಾದ್ಯದ ಬಗ್ಗೆ. ನನ್ನದು ಮಾಡ್ಯುಲರ್ ಸಿಂಥಸೈಜರ್. ಕೀಬೋರ್ಡ್ ಇಲ್ಲ. ಒಂದು ಪೆಟ್ಟಿಗೆಯೊಳಗೆ ಪುಟ್ಟ ಪುಟ್ಟ ಘಟಕಗಳು, ಒಂದೊಂದಕ್ಕೂ ಒಂದೊಂದು ಕೆಲಸ. ಆಸಿಲೇಟರ್ ನಾದ ಹುಟ್ಟಿಸುತ್ತದೆ. ಫಿಲ್ಟರ್ ಅದರ ಮೊನಚು ತೆಗೆಯುತ್ತದೆ. ಇನ್ನೊಂದು ಸದ್ದನ್ನು ಏರಿಸಿ ಇಳಿಸುತ್ತದೆ. ಇವನ್ನೆಲ್ಲ ವೈರುಗಳಿಂದ ನಾವೇ ಜೋಡಿಸಬೇಕು. ಇದಕ್ಕೆ ಯೂರೋರ‍್ಯಾಕ್ ಅನ್ನುವ ಅಳತೆ ಇದೆ. ಜರ್ಮನಿಯ ಸಿಂಥಸೈಜರ್ ತಯಾರಕ ಡೀಟರ್ ಡೋಪ್ಫರ್ 1990ರ ದಶಕದ ನಡುವೆ ಹಾಕಿಕೊಟ್ಟದ್ದು. ಯಾರು ತಯಾರಿಸಿದ ಘಟಕವಾದರೂ ಎತ್ತರ 128.5 ಮಿಲಿಮೀಟರ್. ಹಾಗಾಗಿ ಯಾವುದರ ಪಕ್ಕ ಯಾವುದನ್ನು ಬೇಕಾದರೂ ಕೂರಿಸಬಹುದು. ಇದರಲ್ಲಿ ಸ್ವರ ಅಂದರೆ ವೋಲ್ಟೇಜ್. 1 ವೋಲ್ಟ್ ಏರಿಸಿದರೆ ನಾದ ಒಂದು ಸ್ಥಾಯಿ ಮೇಲೆ ಹೋಗುತ್ತದೆ.

ನನ್ನ ಪೆಟ್ಟಿಗೆ ಚಿಕ್ಕದು. ಎರಡು ಸಾಲು, ಸುಮಾರು 43 ಸೆಂಟಿಮೀಟರ್ ಅಗಲ. ಎರಡು ಅನಲಾಗ್ ಆಸಿಲೇಟರ್, ಒಂದು ಫಿಲ್ಟರ್, ಸ್ವರಗಳನ್ನು ಒಂದಾದ ಮೇಲೊಂದು ಸುತ್ತಿ ಸುತ್ತಿ ನುಡಿಸುವ ಒಂದು ಸೀಕ್ವೆನ್ಸರ್, ಸದ್ದನ್ನು ಮಾರ್ದನಿಸುವ ಒಂದು ಡಿಲೇ, ಇನ್ನು ಸಣ್ಣಪುಟ್ಟದ್ದು. ವೈರುಗಳನ್ನು ಹೊರಗಿನಿಂದ ತರಿಸಿದರೆ ದುಬಾರಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬೀದಿ ಎಸ್.ಪಿ. ರೋಡ್‌ಗೆ ಹೋಗಿ 3.5 ಮಿಲಿಮೀಟರ್ ಮೋನೋ ಜಾಕ್ ಮತ್ತು ಶೀಲ್ಡ್ ಇರುವ ವೈರು ತಂದು ಮನೆಯಲ್ಲೇ ಸೋಲ್ಡರ್ ಮಾಡಿಕೊಂಡೆ. ಅಲ್ಲಿನ ಅಂಗಡಿಯವರಿಗೆ ಹಾಳಾದ ಜಾಕ್ ಒಂದನ್ನು ತೋರಿಸಿದರೆ ಸಾಕು, ಅದೇ ನಮೂನೆಯದನ್ನು ಹುಡುಕಿ ಕೈಗಿಡುತ್ತಾರೆ.

ಎರಡು ವರ್ಷ ಮನೆಯಲ್ಲಿ ಕೂತು ನುಡಿಸುತ್ತಿದ್ದೆ. ಚೆನ್ನಾಗಿ ಬಂದದ್ದನ್ನು ರೆಕಾರ್ಡ್ ಮಾಡುತ್ತಿದ್ದೆ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಕತ್ತರಿಸಿ, ಅಂಟಿಸಿ, ಒಳ್ಳೆಯ ತುಂಡುಗಳನ್ನು ಸೇರಿಸಿ ಟ್ರ್ಯಾಕ್ ಮಾಡುತ್ತಿದ್ದೆ. ಕೇಳಿದರೆ ಎಲ್ಲ ಸರಿಯಾಗೇ ಇರುತ್ತಿತ್ತು. ಆದರೆ ಎರಡನೇ ಸಲ ಕೇಳಬೇಕು ಅನ್ನಿಸುತ್ತಿರಲಿಲ್ಲ.

ಇದನ್ನು ಒಮ್ಮೆ ಶಿರಸಿಯ ಸೋದರಮಾವನ ಹತ್ತಿರ ಹೇಳಿಕೊಂಡೆ. ಮಾವನಿಗೆ ತಾಳಮದ್ದಳೆ ಅಂದರೆ ಪ್ರಾಣ. ಮಳೆಗಾಲದಲ್ಲಿ ಎಲ್ಲಿ ಕೂಟ ನಡೆದರೂ ಹೋಗಿ ಬೆಳಗಿನವರೆಗೆ ಕೂರುವವರು. ಅವರು ಹೇಳಿದ್ದು ಇಷ್ಟು: "ನೋಡು ಕೂಸೇ, ಭಾಗವತರ ಪದ್ಯ ಮೊದಲೇ ಇರ್ತದೆ. ಪ್ರಸಂಗ ಎಲ್ಲರಿಗೂ ಗೊತ್ತಿರ್ತದೆ. ಆದ್ರೆ ಅರ್ಥಧಾರಿ ಏನು ಮಾತಾಡ್ತಾನೆ ಅನ್ನೋದು ಎದುರಿಗೆ ಕೂತವನು ಏನಂದ ಅನ್ನೋದರ ಮೇಲೆ ಇರ್ತದೆ. ನಿನ್ನ ಎದುರಿಗೆ ಯಾರು ಕೂತಿದ್ದಾರೆ?"

ಯಾರೂ ಇರಲಿಲ್ಲ. ಅದೇ ತೊಂದರೆ ಅಂತ ನನಗೆ ಆಗ ಹೊಳೆಯಿತು.

ಅದೇ ಸುಮಾರಿಗೆ ಅಹಮದಾಬಾದ್‌ನ ಹಳೆಯ ಟೇಪುಗಳನ್ನು ಕೇಳುತ್ತಿದ್ದೆ. 1969ರಲ್ಲಿ ಅಲ್ಲಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ಒಂದು ಮೂಗ್ ಸಿಂಥಸೈಜರ್ ಸ್ಥಾಪಿಸಿದ್ದರು. ಅದರ ಹಿಂದೆ ಸಂಗೀತಗಾರ್ತಿ ಗೀತಾ ಸಾರಾಭಾಯಿ ಇದ್ದರು, ಸಜ್ಜುಗೊಳಿಸಿಕೊಟ್ಟವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಅಲ್ಲಿ ರೆಕಾರ್ಡ್ ಆದ ಟೇಪುಗಳು ದಶಕಗಳ ಕಾಲ ಯಾರಿಗೂ ಕೇಳಿಸದೆ ಇದ್ದು, 2023ರಲ್ಲಿ ಆಲ್ಬಂ ಆಗಿ ಬಂದವು. ಅವುಗಳನ್ನು ಕೇಳುವಾಗ ನನಗೆ ತುಂಬ ಹಿಡಿಸಿದ್ದು ಆ ಹುಡುಕಾಟ. ಒಬ್ಬರು ಮೊದಲ ಸಲ ಒಂದು ಗುಂಡಿ ತಿರುಗಿಸಿ, ಏನಾಯಿತು ಅಂತ ಕಿವಿಗೊಟ್ಟು ನಿಂತಿರುವುದು ಕೇಳಿಸುತ್ತದೆ. ನನ್ನ ಟ್ರ್ಯಾಕುಗಳಲ್ಲಿ ನಾನು ಕತ್ತರಿಸಿ ಎಸೆಯುತ್ತಿದ್ದದ್ದು ಅದನ್ನೇ.

ಹಾಗಾಗಿ ತೀರ್ಮಾನ ಮಾಡಿದೆ. ಜನರ ಎದುರು, ಒಂದೇ ಸಲ, ಬಂದದ್ದು ಬಂದ ಹಾಗೆ. ರೆಕಾರ್ಡಿಂಗ್ ಕೆಲಸ ಗೊತ್ತಿರುವ ಗೆಳತಿಯೊಬ್ಬಳು ಜೊತೆಯಾದಳು.

ಆಗಿಂದಾಗಲೇ ಕಲ್ಪಿಸಿ ಹಾಡುವುದಕ್ಕೆ ಸಂಗೀತದಲ್ಲಿ ಮನೋಧರ್ಮ ಅನ್ನುತ್ತಾರೆ. ಹಾಗಂದರೆ ಮನಸ್ಸಿಗೆ ಬಂದದ್ದು ಅಂತಲ್ಲ. ಚಿಕ್ಕವಳಿದ್ದಾಗ ಆರು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ. ಕಲ್ಪನಾಸ್ವರ ಹಾಡುವವರಿಗೆ ರಾಗ, ತಾಳ, ಎಲ್ಲಿಗೆ ಬಂದು ಸೇರಬೇಕು ಅನ್ನುವುದು ಗೊತ್ತಿರುತ್ತದೆ. ನಡುವಿನದ್ದು ಮಾತ್ರ ಅಲ್ಲೇ ಹುಟ್ಟಬೇಕು. ನಾನೂ ಹಾಗೇ ಮಾಡಿದೆ. ಶ್ರುತಿ ಐದು ಅಂತ ನಿಶ್ಚಯಿಸಿದೆ, ಹಾರ್ಮೋನಿಯಂನ ಬಿಳಿ ಐದು, ಅಂದರೆ ಐದನೇ ಬಿಳಿ ಮನೆಯೇ ಷಡ್ಜ. ಹಂಸಧ್ವನಿಯ ಐದು ಸ್ವರಗಳನ್ನು ತೆಗೆದುಕೊಂಡೆ. ರಾಗ ನುಡಿಸುತ್ತೇನೆ ಅಂತ ಹೇಳಿಕೊಳ್ಳುವುದಿಲ್ಲ, ಗಮಕ ಇಲ್ಲದೆ ಅದು ರಾಗ ಆಗಲ್ಲ. ಸ್ವರಗಳನ್ನು ಸಾಲ ಪಡೆದೆ, ಅಷ್ಟೆ. ಸೀಕ್ವೆನ್ಸರನ್ನು 7 ಹೆಜ್ಜೆಗೆ ಇಟ್ಟೆ, ಮಿಶ್ರ ಛಾಪು, ತಕಿಟ ತಕಧಿಮಿ. ಉಳಿದದ್ದನ್ನು ಬಿಟ್ಟುಕೊಟ್ಟೆ.

ಶ್ರುತಿಗೆ ಅಮ್ಮನ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ನಮ್ಮ ಬೆಂಗಳೂರಿನಲ್ಲೇ, ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ ಇಂಥ ಪೆಟ್ಟಿಗೆಗಳನ್ನು ಮನೆಮನೆಗೆ ತಲುಪಿಸಿತು. ಅದೂ ಒಂದು ಸಿಂಥಸೈಜರೇ ಅಲ್ವಾ? ನಾದವನ್ನು ಸರ್ಕ್ಯೂಟಿನಿಂದ ಹುಟ್ಟಿಸುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಬೆಳಗಿನ ಅಭ್ಯಾಸ ಶುರುವಾಗುವುದೇ ಅದರಿಂದ. ಎಲೆಕ್ಟ್ರಾನಿಕ್ ಸಂಗೀತ ನಮಗೆ ಹೊಸದು ಅಂತ ಯಾರಾದರೂ ಹೇಳಿದರೆ ನಾನು ಆ ಪೆಟ್ಟಿಗೆಯನ್ನು ತೋರಿಸುತ್ತೇನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಿಂಥಸೈಜರ್‌ನಲ್ಲಿ ಕ್ವಾಂಟೈಜರ್ ಅಂತ ಒಂದು ಸವಲತ್ತು ಇರುತ್ತದೆ. ವೋಲ್ಟೇಜನ್ನು ಹಾರ್ಮೋನಿಯಂನ ಮನೆಗಳಿಗೆ ಸರಿಯಾಗಿ ಕೂರಿಸುತ್ತದೆ. ಸ್ಥಾಯಿಯನ್ನು 12 ಸಮ ಪಾಲು ಮಾಡಿ, ಒಂದೊಂದಕ್ಕೆ ಸುಮಾರು 83 ಮಿಲಿವೋಲ್ಟ್. ಪಂಚಮ ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. ಆದರೆ ಅಂತರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ 14 ಸೆಂಟ್ಸ್ ಮೇಲೆ ನಿಲ್ಲುತ್ತದೆ. ಒಂದು ಸ್ವರಸ್ಥಾನಕ್ಕೆ 100 ಸೆಂಟ್ಸ್ ಅಂತ ಲೆಕ್ಕ. ಶ್ರುತಿಪೆಟ್ಟಿಗೆ ಹಾಕಿಕೊಂಡು ಕೇಳಿದರೆ ಆ 14 ಕಿವಿಗೆ ಚುಚ್ಚುತ್ತದೆ. ಕ್ವಾಂಟೈಜರ್ ತೆಗೆದೇ ಬಿಟ್ಟೆ. ಸೀಕ್ವೆನ್ಸರ್‌ನ ಒಂದೊಂದು ಗುಂಡಿಯನ್ನೂ ಕಿವಿಯಿಂದಲೇ ಶ್ರುತಿ ಮಾಡಿದೆ. ಒಂದು ಸಂಜೆ ಪೂರ್ತಿ ಹಿಡಿಯಿತು.

ಮಾರನೆಯ ದಿನ ನೋಡಿದರೆ ಎಲ್ಲ ಸರಿದುಹೋಗಿತ್ತು!

ಅನಲಾಗ್ ಆಸಿಲೇಟರ್‌ಗಳ ಸ್ವಭಾವವೇ ಅದು. ವೋಲ್ಟೇಜನ್ನು ಸ್ವರವಾಗಿ ಬದಲಿಸುವ ಟ್ರಾನ್ಸಿಸ್ಟರ್‌ಗಳಿಗೆ ಬಿಸಿ ತಾಗಿದರೆ ಅವುಗಳ ನಡತೆ ಬದಲಾಗುತ್ತದೆ. ಅದನ್ನು ತಡೆಯಲು ಒಳಗೇ ವ್ಯವಸ್ಥೆ ಇರುತ್ತದೆ, ಆದರೆ ಪೂರ್ತಿ ತಡೆಯಲು ಆಗಲ್ಲ. 1970ರ ದಶಕದಲ್ಲಿ ಟ್ಯಾಂಜರಿನ್ ಡ್ರೀಮ್‌ನಂಥ ಜರ್ಮನ್ ತಂಡಗಳು ವೇದಿಕೆಯ ಮೇಲೆ ಗಂಟೆಗಟ್ಟಲೆ ಆಶುವಾಗಿ ನುಡಿಸುವಾಗಲೂ ಇದೇ ಪಾಡು, ನಡುನಡುವೆ ಶ್ರುತಿ ಸರಿಮಾಡಿಕೊಳ್ಳುತ್ತಲೇ ಇರಬೇಕಿತ್ತು. ನಾನು ಕಲಿತದ್ದು: ನುಡಿಸುವ ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿ ಪೆಟ್ಟಿಗೆಯನ್ನು ಬಿಸಿಯಾಗಲು ಬಿಡಬೇಕು. ಫ್ಯಾನ್ ಹಾಕಿ ಶ್ರುತಿ ಮಾಡಿ, ಆಮೇಲೆ ಫ್ಯಾನ್ ಆರಿಸಿದರೆ ಮತ್ತೆ ಸರಿಯುತ್ತದೆ. ರೆಕಾರ್ಡಿಂಗ್‌ನಲ್ಲಿ ಫ್ಯಾನ್ ಸದ್ದು ಬೀಳಬಾರದು, ಹಾಗಾಗಿ ಮೊದಲಿನಿಂದಲೇ ಫ್ಯಾನ್ ಇಲ್ಲ. ಏಪ್ರಿಲ್‌ನ ಸೆಖೆಯಲ್ಲಿ 28 ಜನ ಫ್ಯಾನ್ ಇಲ್ಲದೆ ಕೂತರು. ಅವರಿಗೆ ನನ್ನ ಋಣ ದೊಡ್ಡದು.

ಎರಡು ವಾರ ತಿಂದ ಇನ್ನೊಂದು ತೊಂದರೆ ಗುಂಯ್ ಅನ್ನುವ ಸದ್ದು. ಸ್ಪೀಕರ್ ಹಾಕಿದ ಕೂಡಲೇ ಶುರು. ಲ್ಯಾಪ್‌ಟಾಪ್ ಒಂದು ಪ್ಲಗ್ಗಿನಲ್ಲಿ, ಸದ್ದುಗಳನ್ನು ಬೆರೆಸುವ ಮಿಕ್ಸರ್ ಇನ್ನೊಂದು ಪ್ಲಗ್ಗಿನಲ್ಲಿ ಇದ್ದದ್ದು ಒಂದು ಕಾರಣ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದೆವು, ಲ್ಯಾಪ್‌ಟಾಪ್ ಬಿಟ್ಟೇ ಬಿಟ್ಟೆವು. ಆದರೂ ಇತ್ತು. ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಬಿಚ್ಚಿ ನೋಡಿದರೆ ಅರ್ಥಿಂಗ್ ವೈರು ಸೇರಿಸಿಯೇ ಇರಲಿಲ್ಲ. ಅಜ್ಜನ ಕಾಲದ ಮನೆ. ಅವರು ಅದನ್ನು ಸರಿಮಾಡಿದ ಮೇಲೆ ಹಾಲ್ ಎಷ್ಟು ನಿಶ್ಶಬ್ದ ಆಯಿತು ಅಂದರೆ, ಗೋಡೆ ಗಡಿಯಾರದ ಟಿಕ್ ಟಿಕ್ ಕೇಳಿ ಅದನ್ನೂ ತೆಗೆದಿಟ್ಟೆವು.

ಉಳಿದದ್ದು ಮಳೆಗಾಲಕ್ಕೆ ಮುಂಚಿನ ಮಳೆ. ಏಪ್ರಿಲ್ ಸಂಜೆ ಗುಡುಗಿದರೆ ಕರೆಂಟ್ ಹೋಗಬಹುದು. ಮನೆಯ ಯುಪಿಎಸ್‌ಗೆ ಸೇರಿದ ಪ್ಲಗ್ಗಿನಿಂದಲೇ ಎಲ್ಲಕ್ಕೂ ಕರೆಂಟ್ ಕೊಟ್ಟೆವು. ನಮ್ಮದು ಹಳೆಯ ಸ್ಕ್ವೇರ್ ವೇವ್ ಯುಪಿಎಸ್, ಕರೆಂಟನ್ನು ನುಣುಪಾದ ಅಲೆಯಾಗಿ (ಸೈನ್ ವೇವ್) ಕೊಡದೆ ಚೌಕಚೌಕವಾಗಿ ಕೊಡುವಂಥದ್ದು. ಬ್ಯಾಟರಿಯಲ್ಲಿ ನಡೆಯುವಾಗ ಸದ್ದು ಮಾಡುತ್ತದೆ ಅಂತ ಗೊತ್ತಿತ್ತು. ಸೈನ್ ವೇವ್‌ನದ್ದನ್ನು ಬಾಡಿಗೆಗೆ ವಿಚಾರಿಸಿದೆವು, ಕೈಗೆಟುಕಲಿಲ್ಲ. "ಗುಂಯ್ ಅಂದ್ರೂ ಪರವಾಗಿಲ್ಲ ಕಣೇ, ನಿಂತು ಹೋಗಬಾರದು ಅಷ್ಟೇ" ಅಂದಳು ಗೆಳತಿ. ರೆಕಾರ್ಡರ್ ಮಾತ್ರ ತನ್ನದೇ ಬ್ಯಾಟರಿಯಲ್ಲಿ. ಮಿಕ್ಸರ್‌ನಿಂದ ನೇರ ಎರಡು ಚಾನೆಲ್, ಹಾಲ್‌ನ ಸದ್ದಿಗೆ ಎರಡು ಮೈಕ್.

ಆ ಸಂಜೆ ಆರೂವರೆಗೆ ಶುರು ಮಾಡಿದೆ. ಮೊದಲ ಹತ್ತು ನಿಮಿಷ ಚೆನ್ನಾಗಿಲ್ಲ. ಆಲ್ಬಂ ಕೇಳಿದವರಿಗೂ ಅದು ಗೊತ್ತಾಗುತ್ತದೆ. ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸ್ವರ ನೆಲೆ ನಿಲ್ಲುವ ಮೊದಲೇ ಫಿಲ್ಟರ್ ತಿರುಗಿಸುತ್ತಿದ್ದೆ, ಜನ ಬೇಸರ ಪಟ್ಟಾರು ಅನ್ನುವ ಹೆದರಿಕೆ. ಹನ್ನೊಂದನೇ ನಿಮಿಷದಲ್ಲಿ ಮುಂದೆ ಚಾಪೆಯ ಮೇಲೆ ಕೂತಿದ್ದ ಮಗುವೊಂದು "ಅಮ್ಮಾ, ಅದು ಉಸಿರಾಡ್ತಿದೆ" ಅಂತ ಹೇಳಿತು. ಮೈಕಿನಲ್ಲಿ ಸ್ಪಷ್ಟವಾಗಿ ಬಿದ್ದಿದೆ. ಅದನ್ನು ಕೇಳಿ ನನ್ನ ಕೈ ನಿಂತಿತು. ಫಿಲ್ಟರ್ ತಾನಾಗಿಯೇ ನಿಧಾನವಾಗಿ ತೆರೆದು ಮುಚ್ಚುತ್ತಿತ್ತು, ನಾನೇ ಹಾಗೆ ಜೋಡಿಸಿದ್ದೆ. ಎರಡು ನಿಮಿಷ ನಾನೇನೂ ಮಾಡಲಿಲ್ಲ. ಕೇಳುತ್ತಾ ಕೂತೆ. ಮಾವ ಹೇಳಿದ ಎದುರಿನವರು ಸಿಕ್ಕಿದ್ದು ಆಗಲೇ.

ಅಲ್ಲಿಂದ ಮುಂದೆ ಮಿಶ್ರ ಛಾಪು ಮೆಲ್ಲಗೆ ಕೂಡಿಕೊಂಡಿತು. ಹೊರಗೆ ಗುಡುಗು.

23ನೇ ನಿಮಿಷದಲ್ಲಿ ಕರೆಂಟ್ ಹೋಯಿತು.

ಯುಪಿಎಸ್ ಹಿಡಿದುಕೊಳ್ಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಲಿಲ್ಲ. ಆದರೆ ಸೀಕ್ವೆನ್ಸರ್ ಡಿಜಿಟಲ್. ಅಷ್ಟಕ್ಕೇ ಅದು ಆರಿ, ಮತ್ತೆ ಹೊತ್ತಿಕೊಂಡು, ಸುಮ್ಮನೆ ನಿಂತಿತು. ತಾಳ ಹೋಯಿತು. ಹಾಲ್ ಕತ್ತಲು. ಆಸಿಲೇಟರ್‌ಗಳು ಮತ್ತು ಶ್ರುತಿಪೆಟ್ಟಿಗೆ ಉಳಿದವು. ಅವುಗಳ ಜೊತೆ ಯುಪಿಎಸ್‌ನ ಗುಂಯ್.

ಕೈ ಸೀಕ್ವೆನ್ಸರ್‌ನ ಗುಂಡಿಯ ಹತ್ತಿರ ಹೋಗಿತ್ತು. ಅಷ್ಟರಲ್ಲಿ ಇನ್ನೊಂದು ಕೇಳಿಸಿತು. ನನ್ನ ಕೆಳಗಿನ ಷಡ್ಜ ತೊಟ್ಟಿಲು ತೂಗಿದ ಹಾಗೆ ತೂಗುತ್ತಿತ್ತು. ಸೆಕೆಂಡಿಗೆ ಒಂದು ಸಲ, ಅಲೆ ಬಂದು ಹೋದ ಹಾಗೆ. ಎರಡು ನಾದ ಹತ್ತಿರ ಹತ್ತಿರ ಇದ್ದು ಒಂದಾಗದೆ ಇದ್ದಾಗ ಹಾಗಾಗುತ್ತದೆ. ತಂಬೂರಿ ಶ್ರುತಿ ಮಾಡುವಾಗ ಎಲ್ಲರೂ ಕೇಳಿರುತ್ತಾರೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗುತ್ತದೆ, ಯುಪಿಎಸ್ ಕೂಡ ಅಷ್ಟೇ. ಬಿಳಿ ಐದರ ಷಡ್ಜವನ್ನು ಎರಡು ಸ್ಥಾಯಿ ಕೆಳಗೆ ತಂದರೆ ಅದು ಸೆಕೆಂಡಿಗೆ 49 ಸಲ ಕಂಪಿಸುತ್ತದೆ. ಇಷ್ಟು ದಿನ ಓಡಿಸಲು ಒದ್ದಾಡಿದ ಆ ಗುಂಯ್, ನನ್ನ ಶ್ರುತಿಗಿಂತ ಬರೀ 35 ಸೆಂಟ್ಸ್ ಮೇಲೆ ಕೂತಿತ್ತು. ಈ ಲೆಕ್ಕವೆಲ್ಲ ಆಮೇಲೆ ಮಾಡಿದ್ದು. ಆಗ ಗೊತ್ತಾದದ್ದು ಒಂದೇ. ಇದೂ ಷಡ್ಜವೇ, ಸ್ವಲ್ಪ ಮೇಲಿದೆ.

ಅದನ್ನು ಇಳಿಸಲು ಆಗುವುದಿಲ್ಲ. ನಾನೇ ಏರಬೇಕು.

ಕತ್ತಲಲ್ಲೇ ಮೊದಲ ಆಸಿಲೇಟರ್‌ನ ಸಣ್ಣ ಗುಂಡಿ ತಿರುಗಿಸಿದೆ. ತೂಗಾಟ ನಿಧಾನವಾಯಿತು. ಎರಡು ಸೆಕೆಂಡಿಗೆ ಒಂದು, ನಾಲ್ಕು ಸೆಕೆಂಡಿಗೆ ಒಂದು. ಆಮೇಲೆ ನಿಂತಿತು. ಎರಡನೇ ಆಸಿಲೇಟರ್. ಕೊನೆಗೆ ಶ್ರುತಿಪೆಟ್ಟಿಗೆಯ ಫೈನ್ ಗುಂಡಿ. ಒಟ್ಟು ಒಂದು ನಿಮಿಷ ನಲವತ್ತು ಸೆಕೆಂಡ್. ಮೂರೂ ಸೇರಿದಾಗ ಹಾಲ್ ಪೂರ್ತಿ ಒಂದೇ ನಾದ ಆಯಿತು. ಯಾರೋ ಹಿಂದಿನಿಂದ "ಆಹಾ" ಅಂದರು.

ಆಗ ಗಾಂಧಾರ ಕೇಳಿಸಿತು. ನಾನು ನುಡಿಸುತ್ತಿರಲಿಲ್ಲ. ಚಿಕ್ಕವಳಿದ್ದಾಗ ನನ್ನ ಟೀಚರ್ ತಂಬೂರಿಯ ಮಂದ್ರದ ತಂತಿ ಮೀಟಿ, "ಕಿವಿಗೊಡು, ಗಾಂಧಾರ ತಾನಾಗಿ ಬರುತ್ತೆ" ಅನ್ನುತ್ತಿದ್ದರು. ಇಲ್ಲೂ ಹಾಗೇ. ಸ್ಕ್ವೇರ್ ವೇವ್‌ನಲ್ಲಿ ಮೂಲ ನಾದದ ಜೊತೆ ಅದರ ಮೂರರಷ್ಟು, ಐದರಷ್ಟು, ಏಳರಷ್ಟು ಇರುತ್ತವೆ. 50 ಷಡ್ಜವಾದರೆ 150 ಪಂಚಮ, 250 ಅಂತರ ಗಾಂಧಾರ. ಅದೂ ತಂಬೂರಿಯದೇ ಗಾಂಧಾರ, ನಾನು ಒಂದು ಸಂಜೆಯೆಲ್ಲ ಕಿವಿಯಿಂದ ಹುಡುಕಿದ್ದು. ಏಳನೆಯದು, 350, ಕೈಶಿಕಿ ನಿಷಾದಕ್ಕಿಂತ ಚೂರು ಕೆಳಗೆ. ಹಂಸಧ್ವನಿಯ ಕಾಕಲಿ ನಿಷಾದ ಅದರ ಮೇಲೆ ಬಿದ್ದಾಗ ಕರ್ಕಶ ಆಯಿತು. ಒಂದು ಸಲ ನುಡಿಸಿ ನೋಡಿ ನಿಷಾದವನ್ನೇ ಬಿಟ್ಟೆ. ಅಲ್ಲಿಂದ ಕೊನೆಯವರೆಗೆ ಸ, ರಿ, ಗ, ಪ. ನಾಲ್ಕೇ ಸ್ವರ. ಸೀಕ್ವೆನ್ಸರನ್ನು ಮತ್ತೆ ಶುರು ಮಾಡಲಿಲ್ಲ. ಹೊರಗೆ ಮಳೆ, ಪಕ್ಕದ ಮನೆಯ ತಗಡಿನ ಮೇಲೆ ಬೀಳುತ್ತಿತ್ತು. ತಾಳ ಬೇಕಿದ್ದವರಿಗೆ ಅದಿತ್ತು.

41ನೇ ನಿಮಿಷದಲ್ಲಿ ಕರೆಂಟ್ ಬಂತು. ಗುಂಯ್ ಮಾಯ. ಕಂಬ ತೆಗೆದ ಚಪ್ಪರದ ಹಾಗೆ ಅನ್ನಿಸಿತು. ಆದರೆ ಚಪ್ಪರ ನಿಂತೇ ಇತ್ತು. ಇನ್ನೈದು ನಿಮಿಷ ಅದೇ ಏರಿದ ಶ್ರುತಿಯಲ್ಲಿ ನುಡಿಸಿ, ಒಂದೊಂದೇ ವೈರು ಕಿತ್ತು, ಶ್ರುತಿಪೆಟ್ಟಿಗೆ ಆರಿಸಿದೆ. ಮಳೆ ಮಾತ್ರ ಉಳಿಯಿತು. ಸುಮಾರು ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ. ಆ ಮೌನ ನನಗೆ ಇವತ್ತಿಗೂ ದೊಡ್ಡದು.

ಹತ್ತು ದಿನ ಫೈಲನ್ನು ಮುಟ್ಟಲಿಲ್ಲ. ಆಮೇಲೆ ಇಬ್ಬರೂ ಕೂತು ಕೇಳಿದೆವು. ಗೆಳತಿಗೆ ಶ್ರುತಿ ಏರಿಸುವ ಭಾಗ ಉದ್ದ ಅನ್ನಿಸಿತು. "ಟ್ಯೂನ್ ಮಾಡೋದನ್ನ ಯಾರಾದ್ರೂ ಆಲ್ಬಂನಲ್ಲಿ ಇಡ್ತಾರೇನೇ?" ನಾನು ಕಚೇರಿಯ ಮಾತು ಎತ್ತಿದೆ. ಮೃದಂಗದವರು ಕಲ್ಲು ಹಿಡಿದು ಟಕ್ ಟಕ್ ಅಂತ ಶ್ರುತಿ ಮಾಡುವಾಗ ಯಾರಾದರೂ ಎದ್ದು ಹೋಗುತ್ತಾರಾ? ಅದನ್ನೂ ಕೇಳುತ್ತೇವೆ. ಶ್ರುತಿ ಸೇರುವುದನ್ನು ಕೇಳುವುದೂ ಸಂಗೀತ ಕೇಳುವುದೇ. ಎರಡು ದಿನ ಚರ್ಚೆ ನಡೆಯಿತು. ಕೊನೆಗೆ ಅವಳೇ ಕತ್ತಲಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, "ಇರ್ಲಿ ಬಿಡು, ಇದೇ ಇದರ ಜೀವ" ಅಂದಳು. ಮೊದಲ ಹತ್ತು ನಿಮಿಷವನ್ನೂ ಇಟ್ಟೆವು. ಅದನ್ನು ತೆಗೆದರೆ ಮಗುವಿನ ಮಾತಿಗೆ ಅರ್ಥ ಇರಲ್ಲ.

ಬಿಡುಗಡೆಗೆ ಮೊದಲು ಸದ್ದನ್ನು ಹದಗೊಳಿಸುವ ಮಾಸ್ಟರಿಂಗ್ ಕೆಲಸವನ್ನು ಒಬ್ಬ ಎಂಜಿನಿಯರ್‌ಗೆ ಕೊಟ್ಟಿದ್ದೆವು. ಅವರು ತುಂಬ ಶ್ರದ್ಧೆಯಿಂದ 50, 150, 250ರ ಮೇಲೆ ಸಣ್ಣ ಸಣ್ಣ ಫಿಲ್ಟರ್ ಹಾಕಿ ಗುಂಯ್ ಅನ್ನು ಅಳಿಸಿ ಕಳಿಸಿದರು. ಯಾರಾದರೂ ಹಾಗೇ ಮಾಡುತ್ತಿದ್ದರು, ಅದು ಅವರ ಕೆಲಸ. ಆದರೆ ಅದರ ಜೊತೆ ನನ್ನ ಸ, ಪ, ಗ ಕೂಡ ಹೋಗಿದ್ದವು. ಫೋನ್ ಮಾಡಿ "ಸರ್, ಅದು ನಮ್ಮ ಶ್ರುತಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಮೊದಲಿಂದ ಮಾಡಿಕೊಟ್ಟರು. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ 50 ಕೇಳಿಸುವುದೇ ಇಲ್ಲ, ಆದರೂ ಷಡ್ಜ ಇದೆ ಅನ್ನಿಸುತ್ತದೆ, ಮೇಲಿನ ಪಂಚಮ ಗಾಂಧಾರಗಳಿಂದ ಕಿವಿ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ ಅಂತ ಹೇಳಿಕೊಟ್ಟವರೂ ಅವರೇ.

ಬಿಡುಗಡೆಯ ಕೆಲಸ ಬೇಗ ಮುಗಿಯಿತು. ಕಲಾವಿದರೇ ಸಂಗೀತ ಮಾರುವ ಜಾಲತಾಣ ಬ್ಯಾಂಡ್‌ಕ್ಯಾಂಪ್‌ನಲ್ಲಿ ಹಾಕಿದೆವು. ಅವರು ಡಿಜಿಟಲ್ ಮಾರಾಟದಲ್ಲಿ 15% ಇಟ್ಟುಕೊಳ್ಳುತ್ತಾರೆ. ದುಡ್ಡು ಪೇಪಾಲ್ ಮೂಲಕ ಬರುವುದರಿಂದ ಪ್ಯಾನ್ ನಂಬರ್, ದುಡ್ಡು ಯಾತಕ್ಕೆ ಬಂತು ಅಂತ ತಿಳಿಸುವ ಪರ್ಪಸ್ ಕೋಡ್ ಎಲ್ಲ ತುಂಬಬೇಕು. ಆರು ಟ್ರ್ಯಾಕ್ ಮಾಡಿದರೆ ಜಾಸ್ತಿ ಜನ ಕೇಳುತ್ತಾರೆ ಅಂತ ಕೆಲವರು ಹೇಳಿದರು. ಇರಬಹುದು. ನಾವು ಒಂದೇ ಟ್ರ್ಯಾಕ್ ಇಟ್ಟೆವು.

ಮಾವನಿಗೆ ಫೈಲ್ ಕಳಿಸಿದ್ದೆ. ಒಂದು ವಾರ ಏನೂ ಹೇಳಲಿಲ್ಲ. ಆಮೇಲೆ ಒಂದು ರಾತ್ರಿ ಫೋನ್ ಮಾಡಿದರು. ಪೂರ್ತಿ ಕೇಳಿದ್ದರು, ಎರಡು ಸಲ.

"ಕರೆಂಟ್ ಬಂದಮೇಲೆ ಮತ್ತೆ ಹಳೇ ಶ್ರುತಿಗೆ ಇಳೀಬಹುದಿತ್ತಲ್ಲ ಕೂಸೇ, ಯಾಕೆ ಇಳೀಲಿಲ್ಲ?"

"ಎಲ್ಲರೂ ಮೇಲೇ ಇದ್ರು ಮಾವ" ಅಂದೆ.